ವೃತ್ತದಲ್ಲಿ ನಿಂತವರ ಮುಖ ಬರೆದವರು

ನಮ್ಮ ಭಾಗದಲ್ಲಿ ವಿಳಾಸ ಹೇಳಲು ಬೀದಿಯ ಹೆಸರೂ ಬೇಡ, ಮನೆ ನಂಬರೂ ಬೇಡ. "ವಾಲ್ಮೀಕಿ ಹತ್ರ ಇಳಿರಿ, ಎಡಕ್ಕ ನಾಕ್ ಅಂಗಡಿ ಬಿಟ್ರ ಗೊಬ್ಬರದಂಗಡಿ." "ಅಂಬೇಡ್ಕರ್ ಎದುರಿಗಿ ಚಾದಂಗಡಿ ಐತಲ್ಲ, ಅಲ್ಲೇ ನಿಂದರ್ರಿ, ಬಂದೆ." ಯಾದಗಿರಿ, ಶಹಾಪುರ, ಸುರಪುರ, ಹುಣಸಗಿ, ಎಲ್ಲಿಗೆ ಹೋದರೂ ಮಾತು ಇದೇ. ಬಸವಣ್ಣನವರು, ಕನಕದಾಸರು, ಅಂಬಿಗರ ಚೌಡಯ್ಯನವರು ಬಸ್ಸಿನ ಸ್ಟಾಪುಗಳಾಗಿದ್ದಾರೆ. ಕೆಲವು ಕಡೆ ಪ್ರತಿಮೆ ಇದೆ, ಕೆಲವು ಕಡೆ ಬರೀ ನಾಮಫಲಕ, ಇನ್ನು ಕೆಲವು ಕಡೆ ಅನುಮತಿಗಾಗಿ ಕಾಯುತ್ತಿರುವ ಖಾಲಿ ಕಟ್ಟೆ. ಆದರೆ ಟಂಟಂ ಹೊಡೆಯುವ ಹುಡುಗನಿಗೆ ಮೂರೂ ಒಂದೇ.

ಈ ಪ್ರತಿಮೆಗಳ ಜೊತೆ ನನ್ನದು ಬಣ್ಣದ ಸಂಬಂಧ. ನಿವೃತ್ತಿಯಾಗುವವರೆಗೆ ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಸರ್ಕಾರ ಪಗಾರ ಕೊಟ್ಟದ್ದು ಹೂಜಿ, ಹೂದಾನಿಗಳ ನೆರಳು-ಬೆಳಕು ಕಲಿಸಲು. ಊರು ಕರೆಯುತ್ತಿದ್ದದ್ದು ಬೇರೆ ಕೆಲಸಕ್ಕೆ. ಜಯಂತಿ ಹತ್ತಿರ ಬಂತೆಂದರೆ ಬಟ್ಟೆಯ ಬ್ಯಾನರು, ಮೆರವಣಿಗೆಯ ಟ್ರ್ಯಾಕ್ಟರಿಗೆ ಕಟ್ಟುವ ಭಾವಚಿತ್ರ, ವೃತ್ತದ ಬೋರ್ಡು, ಸಿಮೆಂಟ್ ಮೂರ್ತಿಗೆ ಹೊಸ ಬಣ್ಣ. ಫ್ಲೆಕ್ಸ್ ಬಂದ ಮೇಲೆ ಬ್ಯಾನರು, ಭಾವಚಿತ್ರಗಳ ಕೆಲಸ ಹೋಯಿತು. ಮೂರ್ತಿಗೆ ಬಣ್ಣ ಹಚ್ಚುವುದು ಮಾತ್ರ ಯಂತ್ರದ ಕೈಗೆ ಸಿಗದೆ ನನಗೇ ಉಳಿಯಿತು. ಕುಂಚ ಹಿಡಿದು ಮುಖದ ಮುಂದೆ ನಿಂತಾಗಲೆಲ್ಲ ಕಾಡಿದ ಪ್ರಶ್ನೆ ಒಂದೇ: ಈ ಮುಖವನ್ನು ಮೊದಲು ಬರೆದವರು ಯಾರು?

ಕಲ್ಲಿನ ಕೆಲಸ ನಮ್ಮ ನೆಲಕ್ಕೆ ಹೊಸದಲ್ಲ. ಹುಣಸಗಿ-ಬೈಚಬಾಳ ಕಣಿವೆ ಎಂದರೆ ಪುರಾತತ್ವ ಓದಿದವರಿಗೆ ಜಗತ್ತಿನ ಯಾವ ಮೂಲೆಯಲ್ಲೂ ಗೊತ್ತು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1970ರ ದಶಕದಿಂದ ಈ ಹೊಲ-ಹಳ್ಳಗಳಲ್ಲಿ ಅಡ್ಡಾಡಿ ಹಳೆ ಶಿಲಾಯುಗದ ನೂರಾರು ನೆಲೆಗಳನ್ನು ಗುರುತಿಸಿದರು. ಹುಣಸಗಿಗೆ ಹತ್ತಿರದ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಹಾಸುಬಂಡೆ ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗವನ್ನು 1990ರ ದಶಕದ ಕೊನೆಯಲ್ಲಿ ಅಗೆದು ತೆಗೆದರು. ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದಕ್ಕೆ ಹೋಗುತ್ತದೆ ಎಂದು ಅಂದಾಜು. ಕಲ್ಲನ್ನು ಬೇಕಾದ ಆಕಾರಕ್ಕೆ ತರುವ ಕೈಕೆಲಸ ಅಂದಿನಿಂದಲೂ ಇಲ್ಲಿದೆ.

ಕಲ್ಲನ್ನು ಎಲ್ಲರಿಗೂ ಕಾಣುವಂತೆ ನಿಲ್ಲಿಸಿದ್ದು ಬಹಳ ಈಚಿನ ಮಾತು. ರಾಜನಕೋಳೂರಿಗೆ ಹೋದರೆ ಚಪ್ಪಡಿ ಕಲ್ಲುಗಳ ಪುಟ್ಟ ಮನೆಗಳು ಕಾಣುತ್ತವೆ. ಮೂರು ಕಡೆ ನಿಲ್ಲಿಸಿದ ಚಪ್ಪಡಿ, ಮೇಲೊಂದು ಹೊದಿಸಿದ ಚಪ್ಪಡಿ, ಒಂದು ಬದಿ ಬಯಲು. ಮೋರೇರ ಮನೆ ಎಂದು ಜನ ಕರೆಯುವ ಈ ಗೋರಿಗಳನ್ನು ಸುರಪುರದಲ್ಲಿ ಇಂಗ್ಲಿಷರ ಪರವಾಗಿ ಆಡಳಿತ ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ 1850ರ ದಶಕದಲ್ಲಿ ಅಳೆದು, ಚಿತ್ರ ಬರೆದು, ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಶಹಾಪುರದ ಬಳಿ ವಿಭೂತಿಹಳ್ಳಿಯಲ್ಲಿ ದುಂಡುಬಂಡೆಗಳನ್ನು ಸಾಲುಸಾಲಾಗಿ ಹೂಡಿದ ದೊಡ್ಡ ಬಯಲೇ ಇದೆ. ಯಾರನ್ನು ನೆನೆದು ನಿಲ್ಲಿಸಿದರೋ, ಆ ಕಲ್ಲುಗಳ ಮೇಲೆ ಒಂದು ಗೆರೆಯೂ ಇಲ್ಲ.

ಆಮೇಲೆ ವೀರಗಲ್ಲುಗಳು ಬಂದವು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಹೊತ್ತೊಯ್ಯುವ ವೀರ, ಮೇಲೆ ಲಿಂಗದ ಮುಂದೆ ಕುಳಿತ ವೀರ. ಸತ್ತವನ ಹೆಸರು ಒಮ್ಮೊಮ್ಮೆ ಸಿಗುತ್ತದೆ, ಮುಖ ಮಾತ್ರ ಎಲ್ಲ ಕಲ್ಲಿನಲ್ಲೂ ಒಂದೇ. ತುರು ಕಾಯುತ್ತ ಬಿದ್ದವನೂ ಅದೇ ಮುಖ, ದೊರೆಗಾಗಿ ಸತ್ತವನೂ ಅದೇ ಮುಖ. ಅಗಸಿಯ ಹನುಮಪ್ಪನಿಗಂತೂ ವರ್ಷ ವರ್ಷ ಸಿಂಧೂರ ಮೆತ್ತಿ ಮೆತ್ತಿ ಮೂಗು ಬಾಯಿ ಮುಚ್ಚಿ, ಎರಡು ಬೆಳ್ಳಿ ಕಣ್ಣು ಮಾತ್ರ ಉಳಿದಿವೆ. ಇಷ್ಟಾದರೂ ಯಾರಿಗೂ ಕೊರತೆ ಅನ್ನಿಸಲಿಲ್ಲ. ಇಂಥವನೇ ಎಂದು ಗುರುತು ಹಿಡಿಯಬಹುದಾದ ಒಬ್ಬ ಮನುಷ್ಯನ ಮುಖ ಊರ ಬಯಲಿನಲ್ಲಿ ನಿಲ್ಲಬೇಕು ಎಂಬ ಆಸೆ ನಮ್ಮಲ್ಲಿ ಬಹಳ ತಡವಾಗಿ ಹುಟ್ಟಿತು.

ಆ ಆಸೆ ಮೊದಲು ಬಂದದ್ದು ಇಂಗ್ಲಿಷರ ಕಡೆಯಿಂದ. ಬೆಂಗಳೂರಿನ ಕಬ್ಬನ್ ಪಾರ್ಕಿನ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಮೂರ್ತಿ ಅನಾವರಣಗೊಂಡದ್ದು 1906ರಲ್ಲಿ. ಕಡೆದವನು ಲಂಡನ್ನಿನ ಥಾಮಸ್ ಬ್ರಾಕ್. ಮೈಸೂರು, ಬೆಂಗಳೂರುಗಳಲ್ಲಿ ರಾಜರು, ದಿವಾನರು, ಕಮಿಷನರುಗಳು ಹೀಗೆ ಒಬ್ಬೊಬ್ಬರಾಗಿ ಪೀಠ ಏರಿದರು. ನಮ್ಮದು ಬೇರೆ ದಾರಿ. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರ ಬಂಡಾಯ ಮುರಿದ ಮೇಲೆ ಇಂಗ್ಲಿಷರು ಈ ಸೀಮೆಯನ್ನು 1860ರಲ್ಲಿ ನಿಜಾಮರಿಗೆ ಬಿಟ್ಟುಕೊಟ್ಟರು. 1948ರ ಸೆಪ್ಟೆಂಬರ್ 17ರವರೆಗೆ ನಾವು ಹೈದರಾಬಾದ್ ಸಂಸ್ಥಾನದವರು. ನಮ್ಮ ಹಿರಿಯರು ಹೇಳುತ್ತಿದ್ದ ಊರಿನಲ್ಲಿ ಅಗಸಿ ಇತ್ತು, ಚಾವಡಿ ಇತ್ತು, ವಾಡೆ ಇತ್ತು. ಮನುಷ್ಯರ ಮೂರ್ತಿ ಇರಲಿಲ್ಲ. ಚಾವಡಿಯ ಕಟ್ಟೆಯ ಮೇಲೆ ಯಾರು ಕೂಡಬೇಕು, ಯಾರು ಕೆಳಗೆ ನಿಲ್ಲಬೇಕು, ಯಾರು ಆ ಕಡೆ ಸುಳಿಯಲೇಬಾರದು ಎಂಬುದು ಹುಟ್ಟಿನಿಂದಲೇ ತೀರ್ಮಾನವಾಗಿರುತ್ತಿತ್ತು.

ಪ್ರತಿಮೆಗಳು ಎಲ್ಲಿ ನಿಂತಿವೆ ನೋಡಿ. ಚಾವಡಿಯ ಮುಂದೆ ಇಲ್ಲ, ಅಗಸಿಯ ಒಳಗೆ ಇಲ್ಲ, ವಾಡೆಯ ಎದುರಿಗೂ ಇಲ್ಲ. ನಿಂತದ್ದು ಬಸ್ಸು ತಿರುಗುವ ಕೂಡುರಸ್ತೆಯಲ್ಲಿ. ಹಳೆ ಊರಿನ ಒಂದೊಂದು ಅಂಗುಲಕ್ಕೂ ಒಂದೊಂದು ಓಣಿಯ, ಒಂದೊಂದು ಜಾತಿಯ ಹಕ್ಕುದಾರರಿದ್ದರು. ಪಿಡಬ್ಲ್ಯುಡಿ ರಸ್ತೆಗೆ, ಬಸ್ ಸ್ಟ್ಯಾಂಡಿಗೆ ಅಂಥ ವಾರಸುದಾರರಿರಲಿಲ್ಲ. ಅಗಸಿಯ ಹೊರಗಿದ್ದವರು ಊರ ನಡುವಿಗೆ ಬಂದದ್ದು ಹೀಗೆ: ಊರೇ ಬಸ್ ಸ್ಟ್ಯಾಂಡಿನ ಕಡೆ ಸರಿದು ಬಂತು, ಅಲ್ಲಿ ಅವರು ಮೊದಲೇ ನಿಂತಿದ್ದರು.

ಊರನ್ನು ಸರಿಸಿದ್ದು ನೀರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. 1982ರ ಹೊತ್ತಿಗೆ ನಾರಾಯಣಪುರದ ಬಸವಸಾಗರ ಜಲಾಶಯ ಎದ್ದು, ಎಡದಂಡೆ ಕಾಲುವೆಯ ನೀರು ಇತ್ತ ಹರಿಯಿತು. ಬಿಳಿಜೋಳ, ಸಜ್ಜೆ, ಶೇಂಗಾ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಗೊಬ್ಬರದಂಗಡಿ, ಟ್ರ್ಯಾಕ್ಟರ್ ಶೋರೂಮು, ಬೀಜದಂಗಡಿ, ಮಿರ್ಚಿ-ಸುಸ್ಲಾದ ಹೋಟೆಲು ಎಲ್ಲ ಕೂಡುರಸ್ತೆಗೆ ಬಂದು ಕೂತವು. ಈಗ ಬೆಳಿಗ್ಗೆ ಅಲ್ಲಿ ನಿಂತರೆ ಒಂದು ಕಡೆ ಕೊಡೇಕಲ್, ನಾರಾಯಣಪುರದ ಟಂಟಂ ಕೂಗು, ಇನ್ನೊಂದು ಕಡೆ ತಾಳಿಕೋಟೆ ಬಸ್ಸಿನ ಹಾರ್ನು, ನಾಟಿಗೆ ಹೊರಟ ಹೆಣ್ಣುಮಕ್ಕಳ ಗುಂಪು, ಮೇಲೆ ಕೈ ಎತ್ತಿ ನಿಂತ ಮೂರ್ತಿ. 2009ರ ಡಿಸೆಂಬರಿನಲ್ಲಿ ಯಾದಗಿರಿ ಜಿಲ್ಲೆಯಾಯಿತು, 2018ರಲ್ಲಿ ಹುಣಸಗಿ ತಾಲ್ಲೂಕು ಕೇಂದ್ರವಾಯಿತು. ತಾಲ್ಲೂಕು ಕಚೇರಿಗೆ ಬೋರ್ಡು ಬೇಕು, ಊರಿಗೆ ವೃತ್ತ ಬೇಕು, ವೃತ್ತಕ್ಕೆ ಹೆಸರು ಬೇಕು.

ಯಾರ ಹೆಸರು? ಇದಕ್ಕೆ ಉತ್ತರ ಕೊಟ್ಟದ್ದು ಜಯಂತಿಗಳು. ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿಗೆ ಹರ್ಡೇಕರ್ ಮಂಜಪ್ಪನವರು 1913ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ ನಾಂದಿ ಹಾಡಿದರು. ಅಂಬೇಡ್ಕರರ ಜನ್ಮಶತಮಾನೋತ್ಸವ ಬಂದದ್ದು 1991ರಲ್ಲಿ. ಅದೇ ವರ್ಷ ರಾಜ್ಯದಲ್ಲಿ ನಾಯಕ ಸಮುದಾಯ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿತು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಸುರಪುರ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಈ ದಿನಾಂಕಗಳ ಹಿಂದೆಯೇ ಸಂಘಗಳು ಹುಟ್ಟಿದವು, ಸಂಘಗಳ ಹಿಂದೆ ಮೆರವಣಿಗೆ, ಮೆರವಣಿಗೆಯ ಹಿಂದೆ ಪ್ರತಿಮೆ ಸಮಿತಿ. ಒಂದು ಸಮಾಜದವರ ಮೂರ್ತಿ ನಿಂತ ಮೇಲೆ ಇನ್ನೊಂದು ಸಮಾಜದವರಿಗೆ ಸುಮ್ಮನಿರಲು ಆಗುವುದಿಲ್ಲ. ಇದನ್ನು ಪೈಪೋಟಿ ಎಂದು ಹೀಗಳೆಯುವವರಿದ್ದಾರೆ. ಚಾವಡಿಯ ಕಟ್ಟೆಯ ಕೆಳಗೆ ನಿಂತಿದ್ದವರ ಮೊಮ್ಮಕ್ಕಳು ಸಮಿತಿಯ ಖಜಾಂಚಿಗಳಾದದ್ದನ್ನು ಕಂಡವನಿಗೆ ಹಾಗೆ ಅನ್ನಲು ಬಾಯಿ ಬರುವುದಿಲ್ಲ.

ಇನ್ನು ಮುಖದ ಮಾತು. ವೃತ್ತದಲ್ಲಿ ನಿಂತವರಲ್ಲಿ ನಿಜವಾದ ಮುಖ ಗೊತ್ತಿರುವುದು ಗಾಂಧಿ, ಅಂಬೇಡ್ಕರರಂಥ ಕೆಲವರದು ಮಾತ್ರ, ಏಕೆಂದರೆ ಅವರ ಫೋಟೋಗಳಿವೆ. ಅಂಬೇಡ್ಕರರು ಕೈಯಲ್ಲಿ ಪುಸ್ತಕ ಹಿಡಿದು ತೋರುಬೆರಳು ಎತ್ತಿದ ನಿಲುವು ದೇಶಕ್ಕೆಲ್ಲ ಪರಿಚಯವಾದದ್ದು ಸಂಸತ್ ಭವನದ ಕಂಚಿನ ಮೂರ್ತಿಯಿಂದ. ಬ್ರಹ್ಮೇಶ್ ವಾಘ್ ಎಂಬ ಶಿಲ್ಪಿ ಮಾಡಿದ ಅದನ್ನು 1967ರ ಏಪ್ರಿಲ್ 2ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಅನಾವರಣ ಮಾಡಿದರು. ಹಳ್ಳಿ ಹಳ್ಳಿಯ ಸಿಮೆಂಟ್ ಮೂರ್ತಿಗಳು ಅದರ ಮಕ್ಕಳು, ಮೊಮ್ಮಕ್ಕಳು. ಆದರೆ ಕೋಟಿನ ನೀಲಿ ಬಣ್ಣ ಕಂಚಿನಲ್ಲಿ ಇರಲಿಲ್ಲ, ಕಪ್ಪು-ಬಿಳುಪು ಫೋಟೋಗಳಲ್ಲೂ ಇರಲಿಲ್ಲ. ಅದು ಚಳವಳಿಯ ಬಾವುಟದಿಂದ ಇಳಿದು ಬಂದ ಬಣ್ಣ. ಯಾವ ಊರಿನವರೂ ನನಗೆ ಬೂದಿ ಬಣ್ಣದ ಕೋಟು ಬಳಿಯಲು ಬಿಟ್ಟಿಲ್ಲ.

ಉಳಿದವರದೆಲ್ಲ ಕಲಾವಿದರು ಕೊಟ್ಟ ಮುಖ. ಬಸವಣ್ಣನವರ ಸಮಕಾಲೀನರು ಯಾರೂ ಅವರ ಚಿತ್ರ ಬರೆದಿಟ್ಟಿಲ್ಲ. ಕಿರೀಟ, ವಿಭೂತಿ, ಕುದುರೆ, ಕತ್ತಿ ಎಲ್ಲ ಕ್ಯಾಲೆಂಡರು ಅಚ್ಚು ಹಾಕುವ ಪ್ರೆಸ್ಸುಗಳ ಕಾಲದಲ್ಲಿ ಗಟ್ಟಿಯಾದವು. ವಾಲ್ಮೀಕಿಗೆ ಗಡ್ಡ, ತಾಳೆಗರಿ. ಕನಕದಾಸರಿಗೆ ಕಂಬಳಿ, ತಂಬೂರಿ. ಚೌಡಯ್ಯನವರಿಗೆ ದೋಣಿ, ಹುಟ್ಟು. ತರಗತಿಯಲ್ಲಿ ನಾನು ಒಂದು ಆಟ ಆಡಿಸುತ್ತಿದ್ದೆ. ಚಿತ್ರದ ಮುಖವನ್ನು ಹಾಳೆಯಿಂದ ಮುಚ್ಚಿ, ಇವರು ಯಾರು ಎಂದು ಕೇಳುವುದು. ಮಕ್ಕಳು ಕೈ ನೋಡಿ ಹೆಸರು ಹೇಳಿಬಿಡುತ್ತಿದ್ದರು. ಆಮೇಲೆ ಕೈ, ಕೈಯಲ್ಲಿನ ವಸ್ತು ಮುಚ್ಚಿ ಮುಖ ಮಾತ್ರ ತೋರಿಸಿದರೆ ಇಬ್ಬರು ಮಹನೀಯರು ಅದಲುಬದಲಾಗುತ್ತಿದ್ದರು. ವೀರಗಲ್ಲಿನ ಕಾಲದಿಂದ ನಾವು ಅಷ್ಟೇನೂ ದೂರ ಬಂದಿಲ್ಲ.

ಸುರಪುರದವರ ವಿಷಯ ಬೇರೆ. ಅಲ್ಲಿ ಗರುಡಾದ್ರಿ ಮನೆತನದ ಚಿತ್ರಕಾರರಿದ್ದರು. 19ನೇ ಶತಮಾನದಲ್ಲಿ ಬಂಗಾರದ ರೇಕು ಹಚ್ಚಿ, ಕೂದಲೆಳೆಯ ಗೆರೆಯಲ್ಲಿ ದೇವರು ದೊರೆಗಳನ್ನು ಬರೆದ ಕೈ ಅವರದು. ಆ ಕಸುಬು ಇದ್ದ ಊರಿನಲ್ಲೇ ವೆಂಕಟಪ್ಪ ನಾಯಕರ ಬದುಕಿನ ಬಹುಪಾಲನ್ನು ಹೊರಗಿನವರಿಗೆ ದಾಟಿಸಿದವನು ಟೇಲರ್. ತಂದೆ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ವೆಂಕಟಪ್ಪ ಇನ್ನೂ ಸಣ್ಣವನು. ಆಡಳಿತ ನೋಡಲು ಬಂದ ಟೇಲರನನ್ನು ಹುಡುಗ 'ಅಪ್ಪ' ಎಂದು ಕರೆಯುತ್ತ ಬೆಳೆದ. ಗುಡ್ಡದ ಮೇಲೆ ಸಾಹೇಬ ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂದು ಇಂದಿಗೂ ನಿಂತಿದೆ. 1858ರ ಫೆಬ್ರುವರಿಯಲ್ಲಿ ಇಂಗ್ಲಿಷರ ಪಡೆ ಸುರಪುರಕ್ಕೆ ನುಗ್ಗಿತು, ಕ್ಯಾಪ್ಟನ್ ನ್ಯೂಬೆರಿ ಸತ್ತ, ದೊರೆ ಹೈದರಾಬಾದಿನಲ್ಲಿ ಸೆರೆಯಾದ. ಮೇ ತಿಂಗಳಲ್ಲಿ ಸೆರೆವಾಸಕ್ಕೆ ಸಾಗಿಸುವ ದಾರಿಯಲ್ಲಿ ಗುಂಡೇಟಿನಿಂದ ಅವನ ಪ್ರಾಣ ಹೋಯಿತು. ಇದೆಲ್ಲ ಟೇಲರನ ಆತ್ಮಕಥೆಯಲ್ಲಿದೆ. ಸೆರೆಮನೆಗೆ ಹೋಗಿ ಕಂಡದ್ದನ್ನೂ ಆತ ಬರೆದಿದ್ದಾನೆ. ಅದೇ ಪುಸ್ತಕದಲ್ಲಿ ದೊರೆಯ ತಾಯಿ ರಾಣಿ ಈಶ್ವರಮ್ಮ ಬರುತ್ತಾಳೆ. ಮಗ ಸಣ್ಣವನಿದ್ದಾಗ ಸಂಸ್ಥಾನದ ಹಿಡಿತ ಬಿಡದೆ ಸಾಹೇಬನಿಗೆ ಎದುರು ನಿಂತ ಆ ಹೆಂಗಸನ್ನು ಆತ ಕಪ್ಪು ಮಸಿಯಲ್ಲೇ ಬರೆದ. ಮಗನಿಗೆ ಬ್ಯಾನರಿನಲ್ಲಿ ಮೀಸೆ, ಪೇಟ, ಕತ್ತಿ ಬಂದವು. ತಾಯಿಯ ಚಿತ್ರ ಬರೆದುಕೊಡಿ ಎಂದು ಯಾವ ಸಮಿತಿಯೂ ನನ್ನ ಬಾಗಿಲಿಗೆ ಬರಲಿಲ್ಲ. ವೃತ್ತಗಳಲ್ಲಿ ಹೆಣ್ಣುಮಕ್ಕಳ ಮುಖ ಹುಡುಕಿದರೆ ಕಿತ್ತೂರು ಚೆನ್ನಮ್ಮನನ್ನು ಬಿಟ್ಟು ಬೇರೆಯವರು ಸಿಗುವುದು ಕಷ್ಟ.

ಬಣ್ಣ ಹಚ್ಚುವ ರಾತ್ರಿಯ ಮಾತು ಸ್ವಲ್ಪ ಹೇಳಬೇಕು. ಜಯಂತಿಯ ಹಿಂದಿನ ರಾತ್ರಿ ಟ್ರಾಫಿಕ್ ಇಳಿದ ಮೇಲೆ ಬೊಂಬು ಕಟ್ಟಿಕೊಂಡು ಏರುವುದು. ಮೊದಲು ಹಕ್ಕಿ ಹಿಕ್ಕೆ, ಒಣಗಿದ ಹಾರದ ನಾರು, ಹೋದ ವರ್ಷದ ಗುಲಾಲು ತೊಳೆಯಬೇಕು. ಪಾಪಡಿ ಎದ್ದ ಹಳೆ ಎನಾಮಲ್ಲನ್ನು ಪಾಲಿಶ್ ಪೇಪರಿನಿಂದ ತಿಕ್ಕಬೇಕು. ಸಿಮೆಂಟ್ ಮೂರ್ತಿಯಲ್ಲಿ ಮೊದಲು ಹೋಗುವುದು ತೋರುಬೆರಳು. ಒಳಗಿನ ಕಬ್ಬಿಣದ ಸರಳು ಅಂಗೈವರೆಗೆ ಬಂದು ನಿಂತಿರುತ್ತದೆ, ಬೆರಳಿಗೆ ಬರೀ ಸಿಮೆಂಟು. ಅಲ್ಲಿಗೆ ಗಟ್ಟಿ ತಂತಿ ತೂರಿಸಿ ಎಂ-ಸೀಲ್ ಮೆತ್ತಿ ಬೆರಳು ಕೂಡಿಸುವುದು. ಕನ್ನಡಕಕ್ಕೂ ತಂತಿಯೇ. ಕಣ್ಣಿನ ಗುಡ್ಡೆಯನ್ನು ಕೊನೆಗೆ ಇಡುತ್ತೇನೆ, ನಡುವೆ ಇಡದೆ ತುಸು ಕೆಳಕ್ಕೆ ಇಡುತ್ತೇನೆ. ಜನ ನೋಡುವುದು ಕೆಳಗಿನಿಂದ. ಗುಡ್ಡೆ ನಡುವೆ ಇದ್ದರೆ ಮೂರ್ತಿ ಆಕಾಶ ನೋಡಿದಂತೆ ಕಾಣುತ್ತದೆ, ತುಸು ಇಳಿದರೆ ನಿಂತವರ ಜೊತೆ ಮಾತಾಡುತ್ತದೆ. ಒಳ್ಳೆಯ ಶಿಲ್ಪಿ ತಲೆಯನ್ನೂ ಅಳತೆಗಿಂತ ಚೂರು ದೊಡ್ಡದು ಮಾಡಿರುತ್ತಾನೆ, ಎತ್ತರದಲ್ಲಿ ಸಣ್ಣದಾಗಿ ಕಾಣಬಾರದೆಂದು. ಸಮಿತಿಯವರು ಕೆಳಗಿನಿಂದ ಕೂಗುತ್ತಾರೆ: "ಮಾಸ್ತರ, ಮುಖ ಇನ್ನಷ್ಟ ಬೆಳ್ಳಗ ಆಗ್ಲಿ." ಒಮ್ಮೆ ವಯಸ್ಸಾದ ಯಜಮಾನರೊಬ್ಬರು ಅವರಿಗೆ ಅಡ್ಡ ಬಂದರು. "ಯಾಕ ಬೆಳ್ಳಗ? ಬಿಸಲಾಗ ದುಡದವರು ಅವ್ರು. ನಮ್ಮ ಬಣ್ಣಾನೇ ಇರ್ಲಿ ಮಾಸ್ತರ." ಆ ಊರಿನ ಮೂರ್ತಿಗೆ ನಾನು ಅಂದಿನಿಂದ ಹಚ್ಚುತ್ತಿರುವುದು ಯಜಮಾನರು ಹೇಳಿದ ಬಣ್ಣವನ್ನೇ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆರಿಬಿಯನ್ ಪ್ರದೇಶದ ಬಾರ್ಬಡೋಸ್ ದ್ವೀಪದಲ್ಲಿ ಪಾಠ ಹೇಳಿಕೊಂಡಿದ್ದಾನೆ. ಆಗಾಗ ವಾಟ್ಸ್‌ಆ್ಯಪ್‌ನಲ್ಲಿ ಅಲ್ಲಿನ ಕಬ್ಬಿನ ಹೊಲ, ಸಮುದ್ರ, ಜನ ತುಂಬಿದ ವ್ಯಾನುಗಳ ಫೋಟೋ ಕಳಿಸುತ್ತಾನೆ. "ಸರ್, ಇಲ್ಲೂ ನಮ್ಮಂಗ ಮೂರ್ತಿ ಹೆಸರು ಹೇಳೇ ವ್ಯಾನ್ ಇಳೀತಾರ್ರಿ" ಎಂದು ಬರೆದಿದ್ದ. ಅವನು ಕಳಿಸಿದ ಮೂರ್ತಿಯ ಚಿತ್ರ ನೋಡಿ ನಾನು ಓದತೊಡಗಿದೆ. ಬ್ರಿಡ್ಜ್‌ಟೌನಿನಲ್ಲಿ ಇಂಗ್ಲಿಷರು ನೌಕಾಪತಿ ನೆಲ್ಸನ್ನನ ಮೂರ್ತಿ ನಿಲ್ಲಿಸಿದ್ದು 1813ರಲ್ಲಿ, ಲಂಡನ್ನಿನ ಹೆಸರಾಂತ ನೆಲ್ಸನ್ ಕಂಬಕ್ಕಿಂತ ಸುಮಾರು ಮೂವತ್ತು ವರ್ಷ ಮೊದಲು. 1816ರಲ್ಲಿ ಕಬ್ಬಿನ ತೋಟದ ಗುಲಾಮರು ಬುಸ್ಸಾ ಎಂಬವನ ಮುಂದಾಳುತನದಲ್ಲಿ ಬಂಡೆದ್ದು ಸೋತರು, ಬುಸ್ಸಾ ಸತ್ತ. ಅವನ ಚಿತ್ರ ಎಲ್ಲೂ ಇಲ್ಲ. 1985ರಲ್ಲಿ ಕಾರ್ಲ್ ಬ್ರೂಡ್‌ಹೇಗನ್ ಎಂಬ ಶಿಲ್ಪಿ ಬೇಡಿ ಹರಿದು ಎರಡೂ ಕೈ ಮೇಲೆತ್ತಿದ ಗುಲಾಮನೊಬ್ಬನ ಕಂಚಿನ ಮೂರ್ತಿ ಮಾಡಿದ, ಅದನ್ನು ಒಂದು ರಸ್ತೆ ವೃತ್ತದ ನಡುವೆ ನಿಲ್ಲಿಸಿದರು. ಸರ್ಕಾರಿ ಹೆಸರು ವಿಮೋಚನೆಯ ಪ್ರತಿಮೆ. ಜನ ಮಾತ್ರ ಅದನ್ನು ಬುಸ್ಸಾ ಎಂದೇ ಕರೆದರು, ಹೆಸರು ನಿಂತೇಬಿಟ್ಟಿತು. ನೆಲ್ಸನ್ನನ ಮುಖ ಎಲ್ಲರಿಗೂ ಗೊತ್ತಿತ್ತು, ನಿಖರವಾಗಿತ್ತು. ಅವನನ್ನು 2020ರ ನವೆಂಬರ್ 16ರಂದು ಪೀಠದಿಂದ ಇಳಿಸಿ ಒಯ್ದರು. ಮುಖವೇ ಗೊತ್ತಿಲ್ಲದ ಬುಸ್ಸಾ ವೃತ್ತದಲ್ಲಿ ಉಳಿದ. ಮೂರ್ತಿ ನಿಲ್ಲುವುದು ಮುಖದ ಹೋಲಿಕೆಯ ಬಲದಿಂದಲ್ಲ, ಸುತ್ತಲಿನವರು ಅದನ್ನು ತಮ್ಮದೆಂದು ಒಪ್ಪಿಕೊಂಡ ಬಲದಿಂದ. ಬಸವಣ್ಣನವರ ಕ್ಯಾಲೆಂಡರ್ ಮುಖದ ಬಗ್ಗೆ ನನಗಿದ್ದ ತಕರಾರು ಇದನ್ನು ಓದಿದ ಮೇಲೆ ತಣ್ಣಗಾಯಿತು.

ಹಾಗೆಂದು ನಮ್ಮ ವೃತ್ತಗಳಲ್ಲಿ ಎಲ್ಲವೂ ನೆಟ್ಟಗಿದೆ ಎಂದಲ್ಲ. ಎಷ್ಟೋ ಮೂರ್ತಿಗಳು ಈಗ ಕಬ್ಬಿಣದ ಜಾಳಿಗೆಯೊಳಗೆ ನಿಂತಿವೆ. ಜಯಂತಿ ಬಂದರೆ ಪೊಲೀಸ್ ವ್ಯಾನು, ಮೇಲೆ ಸಿಸಿಟಿವಿ. ಸಾರ್ವಜನಿಕ ರಸ್ತೆ, ಪಾದಚಾರಿ ದಾರಿಗಳಲ್ಲಿ ಹೊಸ ಪ್ರತಿಮೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶ ಮಾಡಿದೆ. ಖಾಲಿ ಕಟ್ಟೆಗಳು ಕಾಯುತ್ತ ನಿಂತಿರುವುದಕ್ಕೆ ಅದೂ ಒಂದು ಕಾರಣ. ಬೆಳಗಾಗುವುದರೊಳಗೆ ಮೂರ್ತಿ ಎದ್ದು ನಿಂತು, ಸಂಜೆಯೊಳಗೆ ತಹಶೀಲ್ದಾರರ ಮುಂದೆ ಶಾಂತಿಸಭೆ ಕೂಡುವುದನ್ನು ಈ ಕಡೆಯವರು ಕಂಡಿದ್ದೇವೆ. ಮೂರ್ತಿಯ ಜಾಗಕ್ಕೆ ಜಗಳ ಹೂಡುವವರು ಮೂರ್ತಿಯಾದವರ ಮಾತನ್ನು ಓದುವುದಿಲ್ಲ ಎಂಬ ಟೀಕೆಯಲ್ಲಿ ಸತ್ಯವಿದೆ. ಓದುವವರು ಅದೇ ಮೂರ್ತಿಯ ಮುಂದೆ ಸೇರಿ ಕೂಲಿ ಕೇಳಿದ್ದು, ಕಾಲುವೆಗೆ ನೀರು ಬಿಡಿ ಎಂದು ರಸ್ತೆ ತಡೆದದ್ದು ಕೂಡ ಅಷ್ಟೇ ಸತ್ಯ. ನಮ್ಮ ಪ್ರತಿಭಟನೆಗಳಿಗೆ ಮೊದಲ ಹಾರ ಬೀಳುವುದೇ ಅಲ್ಲಿ.

ಇಷ್ಟು ವರ್ಷ ಕುಂಚ ಹಿಡಿದವನದು ಪ್ರತಿಮೆ ಸಮಿತಿಗಳಿಗೆ ಒಂದೇ ಬೇಡಿಕೆ. ಪೀಠದ ಕಲ್ಲಿನಲ್ಲಿ ಉದ್ಘಾಟಕರು, ಘನ ಉಪಸ್ಥಿತಿ, ದಿವ್ಯ ಸಾನ್ನಿಧ್ಯ, ಅಧ್ಯಕ್ಷರು, ಖಜಾಂಚಿ ಎಲ್ಲರ ಹೆಸರೂ ಇರುತ್ತದೆ. ಮೂರ್ತಿ ಮಾಡಿದವನ ಹೆಸರು ಮಾತ್ರ ಇರುವುದಿಲ್ಲ. ವಿಕ್ಟೋರಿಯಾಳನ್ನು ಕಡೆದವನು ಬ್ರಾಕ್, ಸಂಸತ್ತಿನ ಅಂಬೇಡ್ಕರರನ್ನು ಎರಕ ಹೊಯ್ದವನು ವಾಘ್, ಬಾರ್ಬಡೋಸಿನ ಬುಸ್ಸಾನನ್ನು ಮಾಡಿದವನು ಬ್ರೂಡ್‌ಹೇಗನ್ ಎಂದು ಹುಣಸಗಿಯಲ್ಲಿ ಕೂತು ಹೇಳಬಲ್ಲೆ. ನಮ್ಮೂರ ಕೂಡುರಸ್ತೆಯ ಮೂರ್ತಿಗೆ ಮುಖ ಕೊಟ್ಟವನು ಯಾರೆಂದು ಕೇಳಿದರೆ ಸಮಿತಿಯವರು "ಆ ಕಡೆ ಯಾವನೋ ಒಬ್ಬಾಂವ ಮಾಡಿಕೊಟ್ಟ" ಅನ್ನುತ್ತಾರೆ. ಆ ಕಡೆಯವನು ಇನ್ನೂ ಬದುಕಿದ್ದಾನೆ, ಫೋನ್ ನಂಬರು ಖಜಾಂಚಿಯ ಬಳಿ ಇದೆ. ಮೂರ್ತಿಯಾದವರಲ್ಲಿ ಬಹಳ ಜನ ದುಡಿಯುವ ಕೈಗೆ ಮಾನ ಕೊಡಿ ಎಂದು ಹೇಳಿದವರೇ. ಮುಂದಿನ ಜಯಂತಿಯೊಳಗೆ ಆ ಕಲ್ಲಿನಲ್ಲಿ ಶಿಲ್ಪಿಯ ಹೆಸರು, ಅವನ ಊರು, ಮೂರ್ತಿ ಮಾಡಿದ ವರ್ಷ ಕೆತ್ತಿಸಿ. ಅಕ್ಷರ ಬರೆದುಕೊಡಲು ನಾನು ಸಿದ್ಧ, ದುಡ್ಡು ಬೇಡ.